ಐದು ಹಾರ್ಟ್ಸ್

ವಕಾರ್ ಬಾಗಿಲಲ್ಲಿ ಬಗ್ಗಿ ಬೂಟಿನ ಲೇಸು ಬಿಚ್ಚುವ ಹೊತ್ತಿಗೆ ಒಳಗೆ ಮುತ್ತಣ್ಣನ ಮೈಗೆ ಕೊನೆಯ ಸ್ನಾನ ಮುಗಿದಿತ್ತು. ಹಲಸೂರಿನ ಈ ಇಕ್ಕಟ್ಟು ಓಣಿಗೆ ವಕಾರ್ ಕಾಲಿಡದೆ ಮೂರು ವರ್ಷವಾಗಿತ್ತು. ಅದಕ್ಕೂ ಮುಂಚೆ ಇಪ್ಪತ್ತಾರು ವರ್ಷ, ಶನಿವಾರ ತಪ್ಪದೆ ಇಲ್ಲಿ ಸ್ಕೂಟರ್ ನಿಲ್ಲಿಸಿ, ಮುತ್ತಣ್ಣನನ್ನು ಹಿಂದೆ ಕೂರಿಸಿಕೊಂಡು ಬ್ರಿಡ್ಜ್ ಇಸ್ಪೀಟು ಆಡಲು ಕ್ಲಬ್ಬಿಗೆ ಹೋಗುತ್ತಿದ್ದ. ತಾನು ಶಿವಾಜಿನಗರದಲ್ಲಿ ಗಾಜಿನಂಗಡಿ ಇಟ್ಟವನು; ಮುತ್ತಣ್ಣ ಟೆಲಿಫೋನ್ ಇಲಾಖೆಯಲ್ಲಿ ಕೇಬಲ್ ಜೋಡಿಸುತ್ತಿದ್ದವನು.

“ಬಂದ್ರಾ ಭಾಯ್,” ಎಂದಳು ಮುತ್ತಣ್ಣನ ಹೆಂಡತಿ ಅಮೃತಮ್ಮ.

*

ಮೂರು ವರ್ಷದ ಹಿಂದಿನ ಆ ಶನಿವಾರ ಕ್ಲಬ್ಬಿನಲ್ಲಿ ಪಂದ್ಯದ ಫೈನಲ್. ಬ್ರಿಡ್ಜ್‌ನಲ್ಲಿ ಜೊತೆಗಾರನ ಎಲೆ ಕಾಣುವುದಿಲ್ಲ. ಆಟಕ್ಕೆ ಮುಂಚಿನ ಬಿಡ್ಡಿನ ಕೂಗಿನಲ್ಲೇ ಕೇಳಬೇಕು, ಕೂಗಿನಲ್ಲೇ ಹೇಳಬೇಕು. ಹದಿಮೂರು ಪಟ್ಟುಗಳಲ್ಲಿ ಹನ್ನೆರಡು ಗೆಲ್ಲುವ ಸ್ಲ್ಯಾಮ್ ವಕಾರ್‌ನ ಕಣ್ಣಿಗೆ ಬಿದ್ದಿತ್ತು. “ನಾಲ್ಕು ನೋ ಟ್ರಂಪ್,” ಎಂದ. ನಿನ್ನಲ್ಲಿ ಎಕ್ಕ ಎಷ್ಟು ಎಂದು ಅದರರ್ಥ. ಒಂದಿದ್ದರೆ ಐದು ಡೈಮಂಡ್ಸ್, ಎರಡಿದ್ದರೆ ಐದು ಹಾರ್ಟ್ಸ್.

ಮುತ್ತಣ್ಣ ಬಹಳ ಹೊತ್ತು ಎಲೆಗಳನ್ನೇ ನೋಡಿದ. “ಐದು ಹಾರ್ಟ್ಸ್.”

ಅವನ ಕೈಯಲ್ಲಿದ್ದದ್ದು ಒಂದೇ ಎಕ್ಕ. ಸ್ಲ್ಯಾಮ್ ಮುರಿಯಿತು, ಪಂದ್ಯವೂ ಹೋಯಿತು.

“ಇಷ್ಟು ವರ್ಷ ಆಡಿ ಒಂದು ಎರಡು ಎಣ್ಸಕ್ಕೆ ಬರಲ್ವಾ ನಿಂಗೆ?” ವಕಾರ್ ಎಲ್ಲರೆದುರು ಕಿರುಚಿದ.

“ಗೊತ್ತಿತ್ತು ಗುರು... ಬಾಯಿಗೆ ಬರ್ಲಿಲ್ಲ.”

ವಕಾರ್ ಅವನನ್ನು ಅಲ್ಲೇ ಬಿಟ್ಟು ಸ್ಕೂಟರ್ ಹತ್ತಿದ.

*

“ಅವತ್ತು ಕ್ಲಬ್ಬಿಂದ ಮನೆಗೇ ಬರ್ಲಿಲ್ಲ ಭಾಯ್.” ಅಮೃತಮ್ಮನ ದನಿಯಲ್ಲಿ ದೂರು ಇರಲಿಲ್ಲ. “ಬೆಳಿಗ್ಗೆ ಕೆ.ಆರ್. ಪುರಂ ಹತ್ರ ಸಿಕ್ಕಿದ್ರು. ಮನೆ ದಾರಿ ಮರ್ತೋಗಿತ್ತಂತೆ. ಆಗ್ಲೇ ಡಾಕ್ಟ್ರು ಮರೆವಿನ ಕಾಯ್ಲೆ ಅಂದಿದ್ದು.”

ವಕಾರ್ ಅವಳತ್ತ ತಿರುಗಿದ. “ನಂಗ್ಯಾಕೆ ಹೇಳ್ಲಿಲ್ಲ ಭಾಭಿ?”

“ಬೇಡ ಅಂದ್ರು. ಸರಿಯಾಗಿ ಕಲ್ತ್ಕೊಂಡು ನಾನೇ ಅವ್ನ ಹತ್ರ ಹೋಗ್ತೀನಿ ಅಂದ್ರು.”

ಮಗಳು ತೇಜಶ್ರೀ ಅಪ್ಪನ ಕೂದಲು ಒರೆಸುತ್ತಿದ್ದಳು. “ದಿನಾ ಕಾಫಿ ಆದ್ಮೇಲೆ ಪಾಠ ಅಂಕಲ್. ನಾನು ನಾಲ್ಕು ನೋ ಟ್ರಂಪ್ ಅನ್ಬೇಕು, ಅವ್ರು ಉತ್ತರ ಹೇಳ್ಬೇಕು. ನನ್ ಹೆಸ್ರು ಮರ್ತ್ಮೇಲೂ ಅದನ್ನ ಬಿಡ್ಲಿಲ್ಲ.”

“ಸರಿಯಾಗಿ ಹೇಳ್ತಿದ್ನಾಮ್ಮಾ?”

“ನಂಗೆ ಆಟ ಬರಲ್ವಲ್ಲ ಅಂಕಲ್. ಏನ್ ಹೇಳಿದ್ರೂ ಸರಿ ಅಂತಿದ್ದೆ.” ಅವಳ ಕೈ ನಿಂತಿತು. “ಕೊನೆಕೊನೆಗೆ ಉತ್ತರಾನೇ ಬರ್ತಿರ್ಲಿಲ್ಲ. ನನ್ ಬಾಯೇ ನೋಡ್ತಾ ಕೂತಿರ್ತಿದ್ರು.”

ಹೊರಗೆ ತಮಟೆ ಶುರುವಾಯಿತು. ಚಟ್ಟ ಎತ್ತುವಾಗ ವಕಾರ್ ಯಾರನ್ನೂ ಕೇಳದೆ ಹೋಗಿ ಹಿಂದಿನ ಬಿದಿರಿಗೆ ಎಡ ಭುಜ ಕೊಟ್ಟ. ಉಳಿದ ಮೂವರೂ ಕುಳ್ಳರು. ಹೆಣ ಒಂದು ಕಡೆಗೆ ವಾಲಿತು; ವಕಾರ್ ಭುಜ ತಗ್ಗಿಸಿದ.

“ಸಾಬ್ರೇ, ನೀವು ಎತ್ತರ. ಬಿಟ್ಬಿಡಿ, ಬೀಳತ್ತೆ,” ಎಂದು ಯಾರೋ ಅವನ ಕೈ ಬಿಡಿಸಿ ತಾವು ಹೊತ್ತರು.

ಚಟ್ಟ ಕೆರೆಯ ಕಡೆಗೆ ತಿರುಗಿ ಮರೆಯಾಯಿತು. ಓಣಿಯ ನಡುವೆ ವಕಾರ್ ಬರಿಗಾಲಲ್ಲಿ ನಿಂತೇ ಇದ್ದ, ಎಡ ಭುಜ ಇನ್ನೂ ತಗ್ಗಿಸಿಕೊಂಡು.