ಚೆನ್ನಿಯಪ್ಪನ್‌ನ ಬಿಳಿ ಗೀಟು

ಹೊಟ್ಟೆಕಿಚ್ಚು ಅಂದರೆ ಮರುದಾಚಲಂನದ್ದು, ಅದರ ಮುಂದೆ ಬೇರೆಯವರದ್ದೆಲ್ಲ ಏನೂ ಅಲ್ಲ. ಮೇಟುಪಾಳಯದಿಂದ ಊಟಿಗೆ ಹತ್ತುವ ರಸ್ತೆಯ ಪಕ್ಕದಲ್ಲಿ ಅರುಕ್ಕಾಣಿ ಅಕ್ಕನ ಬ್ರೇಕ್ ಶೆಡ್ಡು. ಗಂಡ ತೀರಿಕೊಂಡ ಮೇಲೂ ಅಕ್ಕ ಅದನ್ನು ಮುಚ್ಚದೆ ನಡೆಸಿದ್ದು ಇವನ ತೋಳನ್ನು ನಂಬಿ. ಘಾಟಿಯ ಟ್ಯಾಕ್ಸಿಯವರೆಲ್ಲ ‘ಮರುದಣ್ಣ ಎಲ್ಲಿ’ ಅಂತ ಕೇಳಿಕೊಂಡೇ ಒಳಗೆ ಬರುತ್ತಿದ್ದರು. ಹೋದ ವರ್ಷ ಪೊಳ್ಳಾಚಿಯಿಂದ ಚೆನ್ನಿಯಪ್ಪನ್ ಬಂದು ಕೆಲಸಕ್ಕೆ ಸೇರಿದ, ಅಲ್ಲಿಗೆ ಮುಗಿಯಿತು ಇವನ ದರ್ಬಾರು.

ಅಂಥದ್ದೇನು ಮಾಡುತ್ತಿದ್ದನಪ್ಪಾ ಆ ಮಹಾನುಭಾವ? ಒಂದೊಂದು ಬೋಲ್ಟಿಗೂ ಎಷ್ಟು ಬಿಗಿ ಬೇಕೆಂದು ಟಾರ್ಕ್ ಸ್ಪ್ಯಾನರಿನ ಹಿಡಿಯಲ್ಲಿ ಅಳತೆ ಕೂರಿಸಿ, ನಿಧಾನವಾಗಿ ಎಳೆದು, ಅದು ‘ಟಕ್’ ಎಂದ ಕೂಡಲೇ ಕೈ ಬಿಡುತ್ತಿದ್ದ. ಅಷ್ಟೇ.

“ಬಿಗಿ ಎಷ್ಟಾಯ್ತು ಅಂತ ನನ್ ತೋಳಿಗೇ ಗೊತ್ತಾಗುತ್ತೆ. ಲೊಚಗುಟ್ಟಿ ಹೇಳೋಕೆ ಅದೇನು ಹಲ್ಲೀನಾ?” ಎಂದು ಮರುದಾಚಲಂ ಮೂಗು ಮುರಿಯುತ್ತಿದ್ದ.

“ತೋಳಿಗೆ ಒಂದೊಂದಿನ ಕೋಪ ಬರುತ್ತಲ್ಲಣ್ಣಾ. ಇದಕ್ಕೆ ಬರಲ್ಲ,” ಎಂದು ಅವನು ನಗುತ್ತಿದ್ದ. ಆ ನಗು ನೋಡಿದರೆ ಇವನಿಗೆ ಮೈಯೆಲ್ಲ ಉರಿ.

ಆ ಶೆಡ್ಡಿನಲ್ಲಿ ಒಂದು ಕಟ್ಟಳೆ ಇತ್ತು. ಬೋಲ್ಟು ಬಿಗಿಸಿದವನು ಅದರ ತಲೆಯಿಂದ, ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರಿನ ಮೇಲಕ್ಕೆ ತನ್ನ ಬಣ್ಣದ ಗೀಟೊಂದನ್ನು ಎಳೆಯಬೇಕು. ಬೋಲ್ಟು ಒಂದಿಷ್ಟು ತಿರುಗಿದರೂ ಗೀಟು ಮುರಿದು ಕಾಣುತ್ತದೆ. ಮರುದಾಚಲಂನದ್ದು ಹಳದಿ, ಚೆನ್ನಿಯಪ್ಪನ್‌ನದ್ದು ಬಿಳಿ. ಗಾಡಿ ಹೊರಡುವ ಮುಂಚೆ ಗೀಟಿನ ಯಜಮಾನನೇ ಬಗ್ಗಿ ನೋಡಿ ಕಳಿಸಬೇಕು. ಒಬ್ಬರ ಗೀಟಿನ ಮೇಲೆ ಇನ್ನೊಬ್ಬರು ಸ್ಪ್ಯಾನರ್ ಇಡುವುದೆಂದರೆ, ಊಟಕ್ಕೆ ಕೂತವರ ಎಲೆಗೆ ಕೈ ಹಾಕಿದಂತೆ.

ಅವತ್ತು ತಿರುಮೂರ್ತಿ ಟ್ಯಾಕ್ಸಿ ತಂದ. ಅವನು ಮರುದಾಚಲಂನ ಜೀವದ ಗೆಳೆಯ. ಬಂದವನು ನೇರವಾಗಿ ಅಕ್ಕನ ಹತ್ತಿರ ಹೋಗಿ, “ಮುಂದಿನ ಬ್ರೇಕ್ ಎರಡೂ ಬಿಚ್ಚಿ ಹೊಸ ಪ್ಯಾಡ್ ಹಾಕಿಸಕ್ಕಾ. ಸಾಯಂಕಾಲ ಮಗಳನ್ನ ಊಟಿ ಹಾಸ್ಟೆಲಿಂದ ಕರ್ಕೊಂಡು ಇಳೀಬೇಕು. ಚೆನ್ನಿಯಪ್ಪನ್ ಇದಾನಾ?” ಎಂದ.

ಮರುದಾಚಲಂ ಅಲ್ಲೇ ನಿಂತಿದ್ದ. ಎಲ್ಲರೂ ಹೋಗಲಿ, ಇವನೂನಾ?

ಮಧ್ಯಾಹ್ನ ಕೆಲಸ ಮುಗಿಸಿ, ಗೀಟೆಳೆದು, ಚೆನ್ನಿಯಪ್ಪನ್ ಊಟಕ್ಕೆ ಹೋದ. ಚಕ್ರಗಳನ್ನು ಇನ್ನೂ ಹಾಕಿರಲಿಲ್ಲ. ಮರುದಾಚಲಂ ಸ್ಪ್ಯಾನರ್ ಹಿಡಿದು ಗಾಡಿಯ ಬಳಿ ಕುಕ್ಕರಗಾಲಲ್ಲಿ ಕೂತ. ಒಂದೇ ಒಂದು ಬೋಲ್ಟು ಸಡಿಲ ಸಿಗಲಿ ದೇವರೇ, ಎಲ್ಲರನ್ನೂ ಕರೆದು ತೋರಿಸುತ್ತೇನೆ! ಕ್ಯಾಲಿಪರನ್ನು ಹಿಡಿದಿರುವ ದಪ್ಪ ಬೋಲ್ಟುಗಳು ಜಗ್ಗಲಿಲ್ಲ. ಕ್ಯಾಲಿಪರ್ ಹಿಂದೆ ಮುಂದೆ ಜಾರುವ ಪಿನ್ನಿನ ಸಣ್ಣ ಬೋಲ್ಟಿಗೆ ಸ್ಪ್ಯಾನರ್ ಹಾಕಿದ. ಅದೂ ಅಲುಗಲಿಲ್ಲ. ಅಲುಗದಿದ್ದದ್ದಕ್ಕೇ ಸಿಟ್ಟು ನೆತ್ತಿಗೇರಿತು. ದಪ್ಪ ಬೋಲ್ಟು ತಾಳುವ ಎಳೆತವನ್ನು ಸಣ್ಣದು ತಾಳುವುದಿಲ್ಲ ಎಂಬುದು ಅವನಿಗೆ ಗೊತ್ತಿರದ ವಿಷಯವೇ? ಆದರೂ ಹಲ್ಲು ಕಚ್ಚಿ ಎಳೆದ. ಬೋಲ್ಟು ಕೊಂಚ ತಿರುಗಿತು, ಇನ್ನೂ ಕೊಂಚ ತಿರುಗಿತು, ಆಮೇಲೆ ಕೈಗೆ ಮೆತ್ತಗಾಗಿಬಿಟ್ಟಿತು. ಒಳಗಿನ ಥ್ರೆಡ್ಡು ಕಿತ್ತುಹೋಗಿತ್ತು. ಬಿಳಿ ಗೀಟು ಎರಡು ತುಂಡಾಗಿತ್ತು.

ಅವನು ಸ್ಪ್ಯಾನರನ್ನು ಒರೆಸಿಟ್ಟು ಎದ್ದ. ಹೊರಡುವ ಮುಂಚೆ ಚೆನ್ನಿಯಪ್ಪನ್ ನೋಡೇ ನೋಡುತ್ತಾನೆ, ಬೈಸಿಕೊಳ್ಳಲಿ ಎಂದುಕೊಂಡ. ನೋಡದೇ ಹೋದರೆ? ಆ ಯೋಚನೆಯನ್ನು ಹತ್ತಿರ ಸೇರಿಸದೆ ಬುತ್ತಿ ಬಿಚ್ಚಿ ಪುಳಿಯೋಗರೆ ತಿಂದ.

ಚೆನ್ನಿಯಪ್ಪನ್ ನೋಡಿದ. ಬೋಲ್ಟನ್ನು ಬೆರಳಲ್ಲಿ ತಿರುಗಿಸಿ ಬೆವೆತುಹೋದ. ತನ್ನ ಗೀಟನ್ನು ಇನ್ನೊಬ್ಬರು ಮುಟ್ಟಿರಬಹುದು ಎಂಬ ಯೋಚನೆ ಕೂಡ ಅವನಿಗೆ ಬರಲಿಲ್ಲ.

“ಅಕ್ಕಾ, ನನ್ ಕೈಲಿ ತಪ್ಪಾಗಿದೆ. ಇದನ್ನ ಅತಿಯಾಗಿ ಬಿಗಿಸಿ ಹಾಳ್ ಮಾಡಿದೀನಿ. ಹಿಂಗೇ ಕಳಿಸಿದ್ರೆ ಇಳಿಜಾರಲ್ಲಿ ಪಿನ್ನು ಕಳಚಿಕೊಂಡು ಬ್ರೇಕ್ ಕೈಕೊಡ್ತಿತ್ತು.”

ಮರುದಾಚಲಂ ಕಿವಿ ನೆಟ್ಟಗೆ ಮಾಡಿಕೊಂಡು ನಿಂತ. ಉಗೀಲಿ, ಚೆನ್ನಾಗಿ ಉಗೀಲಿ!

ಅರುಕ್ಕಾಣಿ ಅಕ್ಕ ಉಗಿಯಲಿಲ್ಲ. “ಮುಚ್ಚಿಟ್ಟು ಚಕ್ರ ಹಾಕಿ ಕಳಿಸೋರು ಎಷ್ಟು ಜನ ಇಲ್ಲ ಈ ರಸ್ತೇಲಿ! ನೀನು ಬಾಯ್ಬಿಟ್ಟು ಹೇಳ್ದೆಯಲ್ಲೋ, ತಮ್ಮಾ,” ಎಂದಳು.

ತಿರುಮೂರ್ತಿ ಅವನ ಬೆನ್ನು ತಟ್ಟಿದ. “ಇಂಥ ಆಳು ಬೇಕು ನೋಡು. ಇನ್ಮೇಲೆ ನನ್ ಗಾಡೀನ ಇವನು ಬಿಟ್ಟು ಬೇರೆ ಯಾರೂ ಮುಟ್ಟೋದು ಬೇಡ.”

ಅಯ್ಯೋ, ತಪ್ಪಿಗೂ ಶಭಾಷ್‌ಗಿರಿಯೇ? ಅದೂ ಅವನು ಮಾಡದ ತಪ್ಪಿಗೆ? ಅದೊಂದನ್ನು ಮಾತ್ರ ಮರುದಾಚಲಂನಿಂದ ಸಹಿಸಲಾಗಲಿಲ್ಲ.

“ಅವನಲ್ಲ ಕಣ್ರೋ, ನಾನು!” ಎಂದು ಕಿರುಚಿದ. “ಅವನು ಸರಿಯಾಗೇ ಬಿಗಿಸಿದ್ದ. ಎಳೆದು ಹಾಳು ಮಾಡಿದ್ದು ನಾನು!”

ಹೇಳಿ, ಕಾದ. ಈಗ ತನ್ನ ಬೆನ್ನಿಗೂ ಒಂದು ಕೈ ಬೀಳುತ್ತದೆ ಎಂದು ನಿಜಕ್ಕೂ ಕಾದ. ಚೆನ್ನಿಯಪ್ಪನ್ ಬಾಯಿ ತೆರೆದುಕೊಂಡು ನೋಡುತ್ತಿದ್ದ. ಅಕ್ಕ ಮುಖ ತಿರುಗಿಸಿದಳು.

ತಿರುಮೂರ್ತಿ ಮೆಲ್ಲಗೆ ಕೇಳಿದ: “ಯಾವಾಗ ಮಾಡ್ದೆ?”

“ಮಧ್ಯಾಹ್ನ.”

“ಸಾಯಂಕಾಲ ಈ ಗಾಡೀಲಿ ನನ್ ಮಗಳು ಕೂತಿರ್ತಾಳೆ ಅಂತ ಗೊತ್ತಿತ್ತಾ ನಿಂಗೆ?”

ಗೊತ್ತಿರಲಿಲ್ಲ ಎಂಬ ಸುಳ್ಳು ಹೇಳಲು ಮರುದಾಚಲಂ ಬಾಯಿ ತೆರೆದ. ಬರಲಿಲ್ಲ.

“ಗೊತ್ತಿತ್ತು,” ಎಂದ.

ತಿರುಮೂರ್ತಿ ಗೆಳೆಯನಿಗೆ ಬೆನ್ನು ತಿರುಗಿಸಿದ. ಹೊಸ ಪಿನ್ನು ತರಲು ಅಂಗಡಿಗೆ ಹೊರಟ ಚೆನ್ನಿಯಪ್ಪನ್ ಜೊತೆ ತಾನೂ ನಡೆದ.