ಬೊಳ್ಳಕಟ್ಟೆಯ ಹೊಸ್ತಿಲು

"ಇದೆಂಥದು ಆಚಾರಿ, ಇಗರ್ಜಿಗೆ ಹೊಸ್ತಿಲಾ?"

ಸೆವ್ರಿನ್ ಬಾಯಿಯ ಮಣೆ ಹೊಸ ಬಾಗಿಲಿನ ಮುಂದೆ ಬಂದು ನಿಂತಿತ್ತು. ಒಂದು ಗೇಣು ಎತ್ತರದ ಕಿರಾಲುಬೋಗಿಯ ತೊಲೆ ಅಡ್ಡ ಮಲಗಿತ್ತು. ಮಣೆಯ ಮೇಲೆ ಕೂತವಳಿಗೆ ಅದು ಸೊಂಟದ ಮಟ್ಟ. ಡೊಂಬಯ್ಯ ಆಚಾರಿ ತಲೆ ಎತ್ತದೆ ಅದಕ್ಕೆ ಎಣ್ಣೆ ಉಜ್ಜುತ್ತಿದ್ದ.

"ಹೊಸ್ತಿಲಿಲ್ಲದ ಬಾಗಿಲು ಎಲ್ಲಿಯಾದರೂ ಉಂಟಾ ಬಾಯಮ್ಮ? ನಾರಾವಿ ಕಾಡಿನ ಮರ ಇದು. ನೂರು ವರ್ಷ ಹುಳ ಮುಟ್ಟುವುದಿಲ್ಲ."

"ಮರ ಒಳ್ಳೆಯದೇ." ಅವಳು ಅಂಗೈಯಿಂದ ತೊಲೆಯನ್ನು ಸವರಿದಳು. "ಆದರೆ ನಾನು ದಾಟುವುದು ಹೇಗೆ ಮಾರಾಯ?"

ಆಚಾರಿಯ ಕೈ ನಿಂತಿತು. ಅವನು ಹೊಸ್ತಿಲನ್ನು ನೋಡಿದ, ಆಮೇಲೆ ಅವಳ ಮಣೆಯನ್ನು ನೋಡಿದ. ಹಲಸಿನ ಮರದ ಮಣೆ, ಅಡಿಯಲ್ಲಿ ಜಾರಲು ಎರಡು ಪಟ್ಟಿ. ಅದನ್ನೂ ಮೂವತ್ತು ವರ್ಷದ ಹಿಂದೆ ಮಾಡಿಕೊಟ್ಟವನು ಅವನೇ.

ಇಪ್ಪತ್ತೆರಡನೇ ವಯಸ್ಸಿನಲ್ಲಿ ಬೈಹುಲ್ಲಿನ ರಾಶಿಯ ಮೇಲಿಂದ ಬಿದ್ದ ಸೆವ್ರಿನ್ ಬಾಯಿಗೆ ಸೊಂಟದ ಕೆಳಗೆ ಬಲ ಹೋಗಿತ್ತು. ಮದುವೆಯ ಮಾತು ಅಲ್ಲಿಗೇ ನಿಂತಿತು. ಆ ವರ್ಷದ ಹಬ್ಬಕ್ಕೆ ಅಣ್ಣಂದಿರು ಅವಳನ್ನು ಹೊತ್ತುಕೊಂಡು ಹೋಗಿ ದೂರದ ಇಗರ್ಜಿಯ ಒಂದು ಮೂಲೆಯಲ್ಲಿ ಅಕ್ಕಿಮುಡಿ ಇಳಿಸಿದ ಹಾಗೆ ಇಳಿಸಿದ್ದರು. ಪೂಜೆ ಮುಗಿಯುವವರೆಗೂ ಜನ ದೇವರನ್ನು ನೋಡಿದ್ದಕ್ಕಿಂತ ಅವಳನ್ನು ನೋಡಿದ್ದೇ ಹೆಚ್ಚು. "ಪಾಪ, ಚಂದದ ಹುಡುಗಿ" ಎಂದು ಯಾರೋ ಹೇಳಿದ್ದು ಅವಳ ಕಿವಿಗೆ ಬಿತ್ತು. ಅಂದಿನಿಂದ ಅವಳು ಇಗರ್ಜಿಗೆ ಹೋಗಲಿಲ್ಲ. ಹೋಗದಿದ್ದುದಕ್ಕೆ ಇಗರ್ಜಿಯೇ ಅವಳ ಬಳಿಗೆ ಬಂತು ಎನ್ನಬೇಕು. ಶಿರ್ತಾಡಿಗೂ ನಾರಾವಿಗೂ ನಡುವಿನ ಬೊಳ್ಳಕಟ್ಟೆಯಲ್ಲಿ ಮೂವತ್ತೆಂಟು ಕ್ರಿಸ್ತುವರ ಮನೆಗಳಾದಾಗ, ತಿಂಗಳಿಗೊಂದು ಪೂಜೆಗೆ ಅವಳ ಅಂಗಳದಲ್ಲೇ ಮುಳಿಹುಲ್ಲಿನ ಚಪ್ಪರ ಹಾಕಿದರು. ಹನ್ನೊಂದು ವರ್ಷ ಆ ಚಪ್ಪರದ ನೆಲ ಬಡಿದು, ಸೆಗಣಿ ಸಾರಿಸಿ, ತಾನಾಗಿಯೇ ಮಣೆ ಜಾರಿಸಿಕೊಂಡು ಹೋಗಿ ಎಲ್ಲರಿಗಿಂತ ಮುಂದೆ ಕೂತವಳು ಅವಳು.

ಈಗ ಗುಡ್ಡದ ಮೇಲೆ ಕೆಂಪುಕಲ್ಲಿನ ಇಗರ್ಜಿ ಎದ್ದಿತ್ತು. ಮಾಡಿಗೆ ಹಂಚು ಕೂಡ ಹೊದಿಸಿ ಆಗಿತ್ತು. ಮರ ಸಿಗುವುದು ತಡವಾಗಿ ಮುಖ್ಯ ಬಾಗಿಲೊಂದು ಉಳಿದಿತ್ತು, ನೆಲ ಹಾಕುವುದು ಉಳಿದಿತ್ತು. ಇನ್ನು ಹತ್ತು ದಿನಕ್ಕೆ, ಮೇ ತಿಂಗಳ ಮೊದಲ ಭಾನುವಾರ, ಆಶೀರ್ವಾದ. ಅದು ಸಾವಿರದ ಒಂಬೈನೂರ ಐವತ್ತೇಳನೇ ಇಸವಿ.

ಸುದ್ದಿ ಕೇಳಿ ಮೊದಲು ಓಡಿ ಬಂದವನು ಲಾದ್ರು. ಅವನು ಆ ವಾಡೆಯ, ಎಂದರೆ ಕ್ರಿಸ್ತುವರ ಕೇರಿಯ, ಹಿರಿಯ, ಗುರ್ಕಾರ. ದೊಡ್ಡ ದನಿ, ಬಗ್ಗದ ಬೆನ್ನು. ಬಗ್ಗದಿದ್ದುದು ವಾತದಿಂದಲೋ ಗತ್ತಿನಿಂದಲೋ ಎಂದು ಊರಿನಲ್ಲಿ ಎರಡು ಅಭಿಪ್ರಾಯವಿತ್ತು. ಅವನ ಹಿಂದೆಯೇ ಛತ್ರಿ ಹಿಡಿದು ರೇಗೊ ಪಾದ್ರಿಗಳು ಬಂದರು.

"ತಲೆ ಸರಿ ಉಂಟಾ ಆಚಾರಿ? ಯಾವ ಇಗರ್ಜಿಯಲ್ಲಿ ಹೊಸ್ತಿಲು ನೋಡಿದ್ದೀ?" ಎಂದ ಲಾದ್ರು.

"ನಾನು ಇಗರ್ಜಿಯ ಒಳಗೆ ಹೋದವನಲ್ಲ ಪೊರ್ಬುಗಳೇ," ಎಂದ ಡೊಂಬಯ್ಯ. "ಕೆಲಸ ಹಿಡಿಯುವ ಮೊದಲು ಪಾದ್ರಿಗಳ ಹತ್ತಿರ ಕೇಳಿದ್ದೆ, ಇದು ಎಂಥ ಕಟ್ಟಡ, ಯಾವ ಆಯ ಹಿಡಿಯಬೇಕು ಅಂತ. ಆಯ ತಪ್ಪಿದರೆ ಅಳತೆ ತಪ್ಪಿತು, ಅಳತೆ ತಪ್ಪಿದರೆ ಕಟ್ಟಡ ನಿಲ್ಲುವುದಿಲ್ಲ. ಅವರು ದೇವರ ಮನೆ ಅಂದ್ರು. ಸುಮ್ಮನೆ ಅಲ್ಲ, ಮೂರು ಸಲ ಅಂದ್ರು. ಮನೆ ಅಂದದ್ದಕ್ಕೆ ಮನೆಯ ಆಯ ಹಿಡಿದೆ, ಮನೆಯ ಹೊಸ್ತಿಲು ಇಟ್ಟೆ. ಮನೆ ಅಲ್ಲದಿದ್ದರೆ ಮೊದಲೇ ಹೇಳಬೇಕಿತ್ತು."

ಎಲ್ಲರೂ ಪಾದ್ರಿಗಳ ಮುಖ ನೋಡಿದರು. ಪಾದ್ರಿಗಳು ಮಂಗಳೂರಿನವರು, ಪುಸ್ತಕದ ಕನ್ನಡದವರು. ದೇವರ ಮನೆ ಎಂದದ್ದು ನಿಜ. ಈಗ ಇದು ಮನೆಯಲ್ಲ ಎಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ.

"ಆದದ್ದು ಆಯಿತು. ಗರಗಸ ತಾ, ಕಡಿದು ಬಿಡು," ಎಂದ ಲಾದ್ರು.

ಆಚಾರಿ ಎಣ್ಣೆಯ ಬಟ್ಟೆಯನ್ನು ಮಡಚಿ ಕೆಳಗಿಟ್ಟ. "ಕೂಡಿಸಿದ ಹೊಸ್ತಿಲಿಗೆ ನಾನು ಗರಗಸ ಇಡುವುದಿಲ್ಲ. ನಮ್ಮ ಅಜ್ಜನೂ ಇಟ್ಟವರಲ್ಲ. ಮನೆಯಲ್ಲಿ ಮಗಳು ನೀಲಾವತಿ ಬಸುರಿ. ಚೊಚ್ಚಲು. ಬೇರೆ ಯಾರ ಹತ್ತಿರವಾದರೂ ಕಡಿಸಿ. ಆದರೆ ಇದು ನಾನು ಇಟ್ಟ ಹೊಸ್ತಿಲು, ಪೆಟ್ಟು ಯಾರ ಮನೆಗೆ ಬೀಳ್ತದೆ ಅಂತ ನನಗೆ ಗೊತ್ತುಂಟು."

"ಮೂಡಬಿದಿರೆಯಲ್ಲಿ ಆಚಾರಿಗಳಿಗೆ ಬರವಾ? ನಾಳೆಯೇ ಕರೆಸ್ತೇನೆ!"

"ಕರೆಸುವುದು ಬೇಡ," ಎಂದಳು ಸೆವ್ರಿನ್ ಬಾಯಿ. ಅಷ್ಟು ಹೊತ್ತು ಅವಳು ಅಲ್ಲೇ ಇದ್ದುದನ್ನು ಗಂಡಸರು ಮರೆತಿದ್ದರು. "ಬಸುರಿ ಹುಡುಗಿಯ ತಂದೆಯ ಹೊಟ್ಟೆ ಉರಿಸಿ ಮಾಡಿದ ದಾರಿಯಲ್ಲಿ ನಾನು ಒಳಗೆ ಹೋಗುವುದಿಲ್ಲ. ನಾನು ಹೊರಗೆ ಕೂತು ಪೂಜೆ ಕೇಳ್ತೇನೆ. ಕಿವಿ ಸರಿ ಉಂಟು ನನ್ನದು."

"ಹೊರಗೆ ಯಾಕೆ ಬಾಯಿ? ನಾಲ್ಕು ಜನ ಎತ್ತಿ ಒಳಗೆ ಕೂರಿಸ್ತೇವೆ. ಅಥವಾ ಒಂದು ಹಲಗೆ ಇಡುವ," ಎಂದರು ಪಾದ್ರಿಗಳು.

"ನನ್ನನ್ನು ನಾಲ್ಕು ಜನ ಎತ್ತುವುದು ಒಂದೇ ಸಲ ಪಾದ್ರ್ಯಾಬಾ, ಅದೂ ನನಗೆ ಗೊತ್ತಾಗದ ಹಾಗೆ. ಹಲಗೆಯೂ ಬೇಡ. ನಾನು ಬಂದಾಗ ಇಡುವುದು, ಹೋದ ಮೇಲೆ ತೆಗೆಯುವುದು. ಅದು ಹೊತ್ತ ಹಾಗೆಯೇ."

ಅವಳು ಎರಡು ಕೈಯನ್ನೂ ನೆಲಕ್ಕೆ ಊರಿ ಮಣೆ ತಿರುಗಿಸಿದಳು. ಗುಡ್ಡದ ಇಳಿಜಾರಿನಲ್ಲಿ ಮಣೆಯ ಸದ್ದು ದೂರವಾಗುತ್ತಾ ಹೋಯಿತು. ಹನ್ನೊಂದು ವರ್ಷ ಎಲ್ಲರಿಗೂ ಜಾಗ ಕೊಟ್ಟವಳಿಗೆ ಹೊಸ ಇಗರ್ಜಿಯಲ್ಲಿ ಜಾಗವಿಲ್ಲದೆ ಹೋಯಿತಲ್ಲ ಎಂದು ಪಾದ್ರಿಗಳಿಗೆ ಸಂಕಟವಾಯಿತು. ಆ ಮೇಲೆ ಲಾದ್ರು ಒಂದು ದೊಡ್ಡ ಭಾಷಣ ಮಾಡಿದ. ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಮರುದಿನ ಬೆಳಿಗ್ಗೆ ಡೊಂಬಯ್ಯ ತನ್ನ ಸಾಮಾನು ಕಟ್ಟಿಕೊಂಡು ಹೋಗಲು ಬಂದಾಗ ರೇಗೊ ಪಾದ್ರಿಗಳು ಆ ಹೊಸ್ತಿಲ ಮೇಲೆಯೇ ಕೂತಿದ್ದರು.

"ಹೊಸ್ತಿಲ ಮೇಲೆ ಕೂರಬಾರದು ಪಾದ್ರಿಗಳೇ," ಎಂದ ಆಚಾರಿ, ಸಿಟ್ಟಿನಲ್ಲಿದ್ದರೂ ತಡೆಯಲಾಗದೆ.

ಪಾದ್ರಿಗಳು ಥಟ್ಟನೆ ಎದ್ದರು. ಎದ್ದವರು ಬಟ್ಟೆ ಕೊಡವಿಕೊಂಡು ಕೇಳಿದರು, "ಹಾಗಾದರೆ ಹೇಳು, ಹೊಸ್ತಿಲು ಯಾಕೆ ಬೇಕು?"

"ನೀರು ಬರಬಾರದು, ಹಾವು ಬರಬಾರದು. ಮತ್ತೆ ಮನುಷ್ಯ ನುಗ್ಗಬಾರದು. ಒಳಗೆ ಬರುವವ ಒಂದು ಗಳಿಗೆ ನಿಂತು, ಕೆಳಗೆ ನೋಡಿ, ಬಲಗಾಲು ಇಟ್ಟು ಬರಬೇಕು. ಮನೆಗೆ ಮರ್ಯಾದೆ ಅದು."

"ಇಡಲು ಕಾಲಿಲ್ಲದವರು?"

ಡೊಂಬಯ್ಯ ಉಳಿ, ಕೊಡತಿ, ಕೀಸುಳಿ ಒಂದೊಂದಾಗಿ ಚೀಲಕ್ಕೆ ಹಾಕಿದ. ಕೊನೆಗೆ ಅಳತೆಯ ಕೋಲು ಕೈಗೆ ಬಂತು. ಅದನ್ನು ಚೀಲಕ್ಕೆ ಹಾಕಲಿಲ್ಲ. ರಾತ್ರಿಯಿಡೀ ಅವನಿಗೂ ನಿದ್ದೆ ಬಂದಿರಲಿಲ್ಲ. ತಾನು ಮಾಡಿದ ಮಣೆ, ತಾನು ಮಾಡಿದ ಹೊಸ್ತಿಲು, ಒಂದು ಇನ್ನೊಂದರ ದಾರಿಗೆ ಅಡ್ಡ. ಐವತ್ತು ವರ್ಷದ ಕಸುಬಿನಲ್ಲಿ ಇಂಥ ಅವಮಾನ ಅವನಿಗೆ ಆಗಿರಲಿಲ್ಲ.

ಅವನು ಹೊಸ್ತಿಲು ದಾಟಿ ಒಳಗೆ ಹೋದ. ಒಳಗೆ ನೆಲವೆಂದರೆ ಬರೀ ಕಲ್ಲುಚೂರು. ಕೋಲನ್ನು ಹೊಸ್ತಿಲಿಗೆ ತಾಗಿಸಿ ಲಂಬವಾಗಿ ಹಿಡಿದ. ಹೊರಗೆ ಬಂದು ಅಲ್ಲಿಯೂ ಹಿಡಿದ.

"ನೆಲ ಇನ್ನೂ ಹಾಕಲಿಲ್ಲ ಅಲ್ವಾ ಪಾದ್ರಿಗಳೇ?"

"ಇಲ್ಲ."

"ಹಾಗಾದರೆ ಹೊಸ್ತಿಲು ಯಾಕೆ ಕಡಿಯುವುದು? ನೆಲವನ್ನೇ ಎತ್ತುವ. ಒಳಗೆ ಒಂದು ಗೇಣು ಮಣ್ಣು, ಹೊರಗೆ ಅಂಗಳದಿಂದ ಇಷ್ಟಿಷ್ಟೇ ಏರು. ಹೊಸ್ತಿಲು ಇದ್ದ ಜಾಗದಲ್ಲೇ ಇರ್ತದೆ, ನೆಲಕ್ಕೆ ಸಮ ಆಗ್ತದೆ. ಬಾಗಿಲಿನ ಬುಡ ಸ್ವಲ್ಪ ಕೀಸ್ತೇನೆ. ಬಾಗಿಲು ಕೀಸಬಹುದು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಡೊಂಬಯ್ಯನ ಕೋಲು ಅಂದು ಮುರಿಯಲಿಲ್ಲ. ಪಾದ್ರಿಗಳಿಗೆ ಆದ ಸಂತೋಷಕ್ಕೆ ಅವನನ್ನು ಅಪ್ಪಿಕೊಳ್ಳುವುದೊಂದು ಬಾಕಿ. ಲಾದ್ರುವಿಗೆ ಮಾತ್ರ ಸಂತೋಷವಾಗಲಿಲ್ಲ.

"ಅರುವತ್ತು ಗಾಡಿ ಮಣ್ಣು ಬೇಕು ಪಾದ್ರ್ಯಾಬಾ, ಒಂಬತ್ತು ದಿನದಲ್ಲಿ! ಮತ್ತೆ ದೇವರಪೀಠಕ್ಕೆ ಮೂರು ಮೆಟ್ಟಿಲು ಮಾಡಿದ್ದೇವೆ. ನೆಲ ಎತ್ತಿದರೆ ಒಂದು ಮೆಟ್ಟಿಲು ಮುಳುಗ್ತದೆ. ಒಬ್ಬಳಿಗಾಗಿ ದೇವರನ್ನು ಕೆಳಗೆ ಇಳಿಸುವುದಾ?"

"ಇಳಿಯಲಿ ಲಾದ್ರು," ಎಂದರು ಪಾದ್ರಿಗಳು. "ಅವನಿಗೆ ಇಳಿದು ಅಭ್ಯಾಸ ಉಂಟು."

ಲಾದ್ರು ಗೊಣಗುತ್ತಲೇ ಹೋದ. ಹೋದವನು ಸಂಜೆಯೊಳಗೆ ಮೂವತ್ತೆಂಟು ಮನೆಗೂ ಹೇಳಿ ಬಂದಿದ್ದ. ಗೊಣಗುವ ಜನರಲ್ಲಿ ಇದೊಂದು ಗುಣ ಇರುತ್ತದೆ, ಬಾಯಿ ನಡೆಯುವಾಗ ಕಾಲೂ ನಡೆಯುತ್ತದೆ.

ಮಹಮ್ಮದ್ ಕುಂಞಿ ಮರುದಿನದಿಂದ ತನ್ನ ಎತ್ತಿನಗಾಡಿ ಕಟ್ಟಿದ. ಅಡಿಕೆ ಸಾಗಿಸುವ ಗಾಡಿ ಅದು. ಈಗ ಕೆಂಪುಮಣ್ಣು ಹೊತ್ತು ಗುಡ್ಡ ಹತ್ತಿತು. ಗಾಡಿಗೆ ಕಾಯಲು ತಾಳ್ಮೆ ಇಲ್ಲದವರು ಬುಟ್ಟಿ ಹಿಡಿದರು. ಕ್ರಿಸ್ತುವರ ಮನೆಯವರು ಬಂದರು, ನಾಲ್ಕನೇ ದಿನದಿಂದ ಕೆಳಗಿನ ಗದ್ದೆಯ ಸೇಸಮ್ಮ ತನ್ನ ಸೊಸೆಯಂದಿರನ್ನೂ ಕರೆದುಕೊಂಡು ಬಂದಳು. "ನಮ್ಮ ಗದ್ದೆ ನಾಟಿಗೆ ಸೆವ್ರಿನ್ ಬಾಯಮ್ಮ ಬುತ್ತಿ ಕಳಿಸಿದ್ದು ಮರೀಲಿಕ್ಕುಂಟಾ?" ಎಂದಳು. ನೀಲಾವತಿ ದೊಡ್ಡ ಹೊಟ್ಟೆ ಹೊತ್ತು ಬಿಸಿಲಿಗೆ ಬರಬಾರದೆಂದರೂ ಕೇಳದೆ ಬೆಲ್ಲ ನೀರು ತಂದು ಹಂಚಿದಳು.

ಸೆವ್ರಿನ್ ಬಾಯಿ ಮೊದಲ ಎರಡು ದಿನ ಬರಲೇ ಇಲ್ಲ. ತನಗಾಗಿ ಇಷ್ಟು ಜನ ಬೆವರು ಸುರಿಸುವುದು ಅವಳಿಗೆ ಹೊರಿಸಿಕೊಳ್ಳುವುದಕ್ಕಿಂತ ಕಷ್ಟವೆನಿಸಿತ್ತು. ಮೂರನೇ ದಿನ ಆಚಾರಿಯೇ ಅವಳ ಅಂಗಳಕ್ಕೆ ಹೋದ.

"ಬಾಯಮ್ಮ, ಮಣ್ಣು ಬಂದು ಬಿದ್ದಿದೆ, ಬಡಿಯುವವರಿಲ್ಲ. ಇವರು ನಿಂತು ಬಡೀತಾರೆ, ನೆಲ ಅಲೆ ಅಲೆ ಆಗ್ತಾ ಉಂಟು. ಕೂತು ಬಡಿಯುವ ಕೈ ಬೇಕು."

ಅದು ಸುಳ್ಳಲ್ಲ. ನೆಲ ಬಡಿಯುವುದರಲ್ಲಿ ಆ ಊರಿನಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಅವಳು ನೆಲ ಬಡಿಯುವ ತನ್ನ ಮರದ ಹಲಗೆಯನ್ನು ಮಡಿಲಲ್ಲಿಟ್ಟುಕೊಂಡು ಬಂದಳು. ಒಳಗಿನ ಕೆಲಸವನ್ನು ಬೇರೆ ಹೆಂಗಸರಿಗೆ ತೋರಿಸಿಕೊಟ್ಟು, ತಾನು ಹೊರಗಿನ ಏರಿನಲ್ಲಿ ಕೂತು ಬಡಿದಳು. "ಒಳಗೆ ಭಾನುವಾರವೇ," ಎಂದಳು. ಪ್ರತಿ ಸಂಜೆ ಅಂಗಳದ ಬುಡದಿಂದ ಮಣೆ ಜಾರಿಸಿಕೊಂಡು ಹೊಸ್ತಿಲವರೆಗೆ ಬರುವಳು. ಮಣೆಯ ಅಂಚು ಮರಕ್ಕೆ ಟಕ್ಕೆಂದು ತಾಗುವುದು.

"ಇನ್ನೂ ನಾಲ್ಕು ಬೆರಳು."

ಎಲ್ಲರೂ ಬುಟ್ಟಿ ಎತ್ತಿಕೊಂಡು ಮತ್ತೆ ಇಳಿಯುವರು. ಮರುದಿನ ಮತ್ತೆ ಟಕ್.

"ಇನ್ನೂ ಎರಡು ಬೆರಳು."

"ಈ ಬಾಯಮ್ಮನ ಬೆರಳು ಎಷ್ಟು ದಪ್ಪ ಮಾರಾಯ್ರೇ," ಎಂದು ಮಹಮ್ಮದ್ ಕುಂಞಿ ಎತ್ತಿನ ಬೆನ್ನು ತಟ್ಟುತ್ತಾ ನಗುವನು. ಶನಿವಾರ ಸಂಜೆ ಟಕ್ ಎನ್ನುವ ಸದ್ದು ಬರಲಿಲ್ಲ. ಸೆವ್ರಿನ್ ಬಾಯಿ ಮಣೆ ಹಿಂದಕ್ಕೆ ತಳ್ಳಿಕೊಂಡು ಮನೆಗೆ ಹೋದಳು. ಅವಳ ಕಣ್ಣು ತುಂಬಿದ್ದನ್ನು ಯಾರೂ ನೋಡಬಾರದಿತ್ತು.

ಭಾನುವಾರ ಮಂಗಳೂರಿನಿಂದ ಹಿರಿಯ ಪಾದ್ರಿಗಳೊಬ್ಬರು ಬಂದರು. ಗೋಡೆಯ ಸುತ್ತ ನಡೆದು ಪವಿತ್ರ ಜಲ ಚಿಮುಕಿಸಿದರು, ಪ್ರಾರ್ಥನೆ ಓದಿದರು. ಬಾಗಿಲು ತೆರೆದರು. ಪಾದ್ರಿಗಳಿಬ್ಬರೂ ಒಳಗೆ ಹೋದ ಮೇಲೆ ಲಾದ್ರು ಜರಿ ಅಂಚಿನ ಶಾಲು ಸರಿಪಡಿಸಿಕೊಂಡ. ಗುರ್ಕಾರನಾದ ಮೇಲೆ ಮುಂದೆ ಹೋಗುವ ಹಕ್ಕು ಅವನದು. ಅವನು ಒಂದು ಹೆಜ್ಜೆ ಇಟ್ಟವನು ಏನು ನೆನೆದನೋ, ಪಕ್ಕಕ್ಕೆ ಸರಿದು ಜನರನ್ನೂ ತೋಳಿನಿಂದ ಸರಿಸಿದ.

"ಬಾಯಿ ಹೋಗಲಿ," ಎಂದ.

ಸೆವ್ರಿನ್ ಬಾಯಿ ಬಿಳಿ ಸೀರೆಯುಟ್ಟು ಏರಿನ ಬುಡದಲ್ಲಿ ಕೂತಿದ್ದಳು. ಕೈ ಊರಿ, ಮಣೆ ಜಾರಿಸಿ, ಮತ್ತೆ ಕೈ ಊರಿ, ಯಾವ ಅವಸರವೂ ಇಲ್ಲದೆ ಮೇಲಕ್ಕೆ ಬಂದಳು. ಯಾರೂ ಕೈ ಕೊಡಲು ಹೋಗಲಿಲ್ಲ. ಕೆಂಪು ನೆಲದ ನಡುವೆ ಹೊಸ್ತಿಲು ಕಪ್ಪಗೆ ಹೊಳೆಯುತ್ತಿತ್ತು. ಅದರ ಹತ್ತಿರ ಬಂದು ಅವಳು ಮಣೆ ನಿಲ್ಲಿಸಿದಳು. ಬಾಗಿಲ ಬದಿಯಲ್ಲಿ ತಲೆಯ ಮುಂಡಾಸು ತೆಗೆದು ಕೈಯಲ್ಲಿ ಹಿಡಿದು ಡೊಂಬಯ್ಯ ಆಚಾರಿ ನಿಂತಿದ್ದ.

"ಆಚಾರಿ," ಎಂದಳು ಮೆಲ್ಲಗೆ, "ಹೊಸ ಮನೆಗೆ ಬಲಗಾಲು ಇಟ್ಟು ಬರಬೇಕು ಅಲ್ವಾ?"

"ಬಲಗೈ ಸಾಕು ಬಾಯಮ್ಮ," ಎಂದ.

ಅವಳು ಬಲಗೈಯ ಅಂಗೈಯನ್ನು ಹೊಸ್ತಿಲ ಮೇಲೆ ಪೂರ್ತಿ ಊರಿದಳು. ಒಂದು ಗಳಿಗೆ ಹಾಗೆಯೇ ಇದ್ದಳು. ಆಮೇಲೆ ಮಣೆ ಸರ್ ಎಂದು ಮರವನ್ನು ದಾಟಿ ಒಳಗೆ ಹೋಯಿತು.

ಹಿಂದೆಯೇ ಬಂದ ಲಾದ್ರು ಹೊಸ್ತಿಲ ಬಳಿ ತಡೆದ. ಆ ಬಗ್ಗದ ಬೆನ್ನನ್ನು ಬಹಳ ಕಷ್ಟದಿಂದ ಬಗ್ಗಿಸಿ, ಬಲಗೈಯಿಂದ ಮರವನ್ನು ಮುಟ್ಟಿ ಒಳಗೆ ಹೋದ. ಅವನ ಹಿಂದಿನವರೂ ಬಗ್ಗಿ ಮುಟ್ಟಿದರು. ಅದು ಇಗರ್ಜಿಯ ಕ್ರಮವೇ ಇರಬೇಕೆಂದು ತಿಳಿದು ಸೇಸಮ್ಮನೂ ಸೊಸೆಯಂದಿರೂ ಮುಟ್ಟಿದರು.

ಎಲ್ಲರೂ ಒಳಗೆ ಹೋದ ಮೇಲೆ ಡೊಂಬಯ್ಯ ಹೊಸ್ತಿಲ ಬಳಿ ಕುಕ್ಕರುಗಾಲಿನಲ್ಲಿ ಕೂತ. ಮೂರು ಸಲ ಎಣ್ಣೆ ಕುಡಿಸಿ ಹೊಳಪು ಬರಿಸಿದ ಮರದ ಮೇಲೆ ಮಣೆಯ ಪಟ್ಟಿಗಳು ಎಳೆದ ಎರಡು ಗೆರೆ ಬಿಳಿಚಾಗಿ ಕಾಣುತ್ತಿದ್ದವು. ಅವನು ಮುಂಡಾಸಿನ ಬಟ್ಟೆಯಿಂದ ಉಜ್ಜಲು ಹೋದ. ಒಳಗೆ ಹಾಡು ಎದ್ದಿತು. ಅವನ ಕೈ ಅಲ್ಲಿಯೇ ನಿಂತಿತು. ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಗೆರೆಗಳನ್ನು ಹಾಗೆಯೇ ಬಿಟ್ಟು, ಹಾಡು ಮುಗಿಯುವವರೆಗೆ ಅಲ್ಲಿ ಕೂತಿದ್ದ.