ಹೊಸ ವಿಮಾನಕ್ಕೊಂದು ನಿಂಬೆಹಣ್ಣು

ನಿಂಬೆಹಣ್ಣು ಅಮ್ಮನದು, ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಧನುಶ್ರೀ. ದೊಡ್ಡಬಳ್ಳಾಪುರದಲ್ಲಿ ಅಪ್ಪನ ಮಗ್ಗದ ಸದ್ದು ಸಾಕಾಗಿ, ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಬೆಲ್ಟ್ ಗಾಡಿ ಓಡಿಸುತ್ತೇನೆ. ವಿಮಾನದ ಹೊಟ್ಟೆಗೆ ಸೂಟ್‌ಕೇಸ್ ಏರಿಸುವ ಗಾಡಿ. ನಮ್ಮಲ್ಲಿಗೆ ಒಂದು ಹೊಸ ವಿಮಾನ ಬಂದು ಮೂರು ತಿಂಗಳಾಗಿತ್ತು, ಆಗಲೇ ಎರಡು ಪೆಟ್ಟು ತಿಂದಿತ್ತು. ಒಮ್ಮೆ ಊಟದ ಲಾರಿ ಬಾಗಿಲು ಸವರಿತು, ಇನ್ನೊಮ್ಮೆ ನನ್ನ ಜೊತೆ ಕೆಲಸ ಮಾಡುತ್ತಿದ್ದ ಬೀರೇಶನ ಏಣಿ ರೆಕ್ಕೆಗೆ ತಾಗಿತು. ಬೀರೇಶ ಕೆಲಸ ಕಳೆದುಕೊಂಡು ಈಗ ಮನೆಯಲ್ಲಿದ್ದಾನೆ. ಮೂರನೆಯದು ಯಾರ ಕೈಯಲ್ಲಾಗುತ್ತೋ ಎಂದು ಎಲ್ಲರಿಗೂ ಪುಕಪುಕ.

ಶುಕ್ರವಾರ ಬೆಳಿಗ್ಗೆ ಮೊದಲ ಸಲ ಅದರ ಸರದಿ ನನಗೆ ಬಂತು. "ದೃಷ್ಟಿ ತಾಕೈತೆ ಕಣೇ ಅದಕ್ಕೆ. ಚಕ್ರದ ಕೆಳಗೆ ಇದನ್ನ ಇಟ್ಬಿಡು," ಎಂದು ಅಮ್ಮ ಊಟದ ಡಬ್ಬಿಯ ಜೊತೆ ನಿಂಬೆಹಣ್ಣು ಕೊಟ್ಟಿದ್ದಳು. ಅಲ್ಲಿ ನೆಲದ ಮೇಲೆ ಒಂದು ಪಿನ್ನು ಬಿದ್ದಿದ್ದರೂ ಮೆಮೋ ಕೊಡುತ್ತಾರೆ. ವಿಮಾನದ ಚಕ್ರಕ್ಕೆ ಇಡುವಷ್ಟು ಹುಚ್ಚಿ ನಾನಲ್ಲ, ನನ್ನ ಗಾಡಿಯ ಚಕ್ರಕ್ಕೇ ಇಟ್ಟೆ. ವಿಮಾನಕ್ಕೆ ಇನ್ನೊಂದು ಮಾರು ದೂರವಿತ್ತು. ಆಯುಧಪೂಜೆಯ ದಿನ ಸ್ಕೂಟರಿನಲ್ಲಿ ಮಾಡುವ ಹಾಗೆ, ಹಣ್ಣು ಅಪ್ಪಚ್ಚಿಯಾಗಲಿ ಎಂದು ಆಕ್ಸಿಲರೇಟರ್ ಒಂಚೂರು ಜೋರಾಗಿ ಒತ್ತಿದೆ. ಹಣ್ಣು ಪಚಕ್ಕೆಂದಿತು, ಗಾಡಿ ಮುಂದಕ್ಕೆ ನೆಗೆದು ವಿಮಾನಕ್ಕೆ ತಾಗಿತು.

ಯಾರೂ ನೋಡಿರಲಿಲ್ಲ. ವಿಮಾನದ ಮೈಮೇಲೆ ಬೆರಳಗಲ ಕಪ್ಪು ರಬ್ಬರ್ ಗುರುತು. ಕರ್ಚೀಫಿನಲ್ಲಿ ಒರೆಸಿದೆ, ಹೋಯಿತು. ಸೀರೆಯಲ್ಲಿ ಗಂಟು ಹುಡುಕುವ ಹಾಗೆ ಕೈಯಾಡಿಸಿದೆ, ನುಣ್ಣಗಿತ್ತು. ಆಗ ತರಬೇತಿಯ ಮಾತು ನೆನಪಾಯಿತು. ಇದರ ಮೈ ತಗಡಲ್ಲ, ನೇಯ್ದ ನಾರನ್ನು ಪದರ ಪದರವಾಗಿ ಅಂಟಿಸಿದ್ದು. ಪೆಟ್ಟು ಬಿದ್ದರೆ ತಗ್ಗಾಗದೆ ಹಿಂದಕ್ಕೆ ಚಿಮ್ಮುತ್ತದೆ, ಒಳಗೆ ಪದರ ಬಿಟ್ಟಿದ್ದರೂ ಹೊರಗೆ ಕಾಣುವುದಿಲ್ಲ.

ಮೇಲೆ ಜನ ಹತ್ತಿ ಕೂತಿದ್ದರು. ಕಿಟಕಿಯಿಂದ ಒಂದು ಮಗು ನನಗೆ ಟಾಟಾ ಮಾಡಿತು. ಹೇಳಿದರೆ ಕೆಲಸ ಹೋಗುತ್ತೆ, ಹೇಳದಿದ್ದರೆ ಆ ಮಗು ಮೂವತ್ತು ಸಾವಿರ ಅಡಿ ಮೇಲೆ ಹೋಗುತ್ತೆ. ಅಪ್ಪ ಒಂದು ಎಳೆ ತುಂಡಾದರೂ ಮಗ್ಗ ನಿಲ್ಲಿಸುತ್ತಾನೆ. ನಾನು ಬೆಲ್ಟ್ ನಿಲ್ಲಿಸದೆ ಕೊನೆಯ ಸೂಟ್‌ಕೇಸಿನವರೆಗೂ ಏರಿಸಿದೆ. ಅಷ್ಟರಲ್ಲಿ ಬಾಗಿಲು ಮುಚ್ಚತೊಡಗಿದರು. ಎರಡೂ ಕೈ ತಲೆ ಮೇಲೆತ್ತಿ ಅಡ್ಡಹಾಕಿ, "ನಿಲ್ಸಿ!" ಎಂದು ಕಿರುಚಿದೆ.

ಎಂಜಿನಿಯರ್ ಸುನಿಲ್‌ಕುಮಾರ್ ಓಡಿಬಂದರು. ಗಾಡಿ ತಾಗಿದ ಜಾಗ ತೋರಿಸಿದೆ.

"ಪೆಟ್ಟು ಎಲ್ಲಮ್ಮ? ಏನೂ ಇಲ್ವಲ್ಲ!"

"ಒರೆಸ್ಬಿಟ್ಟೆ ಸಾರ್." ಕರ್ಚೀಫ್ ತೋರಿಸಿದೆ.

"ಗಾಡಿ ಹೆಂಗೆ ನುಗ್ತು?"

ಬ್ರೇಕ್ ಹಿಡಿಯಲಿಲ್ಲ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಬಗ್ಗಿ, ಚಕ್ರಕ್ಕೆ ಮೆತ್ತಿದ್ದ ನಿಂಬೆಸಿಪ್ಪೆ ಬಿಡಿಸಿ ಕೊಟ್ಟೆ. ಅವರು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಬೈದಿದ್ದರೆ ವಾಸಿಯಿತ್ತು.

ಪುಟ್ಟ ಸುತ್ತಿಗೆ ತೆಗೆದು ತಟ್ಟಿದರು. ಟಕ್, ಟಕ್. ನಾನು ಒರೆಸಿದ ಜಾಗದಲ್ಲೂ ಟಕ್. ಏನೂ ಆಗಿಲ್ಲ ಚೌಡೇಶ್ವರಿ ತಾಯಿ, ಎಂದು ಉಸಿರು ಬಿಡುವಷ್ಟರಲ್ಲಿ, ಒಂದು ಗೇಣು ಆಚೆ, ಡಬ್. ಒಡೆದ ಮಡಕೆಯ ಸದ್ದು. ಪೆಟ್ಟು ಒಳಗೊಳಗೇ ಹಬ್ಬಿ ಪದರ ಬಿಟ್ಟಿತ್ತು. ಸುನಿಲ್‌ಕುಮಾರ್ ವಾಕಿಟಾಕಿ ಎತ್ತಿ, ಈ ವಿಮಾನ ಹೊರಡಲ್ಲ ಎಂದರು. 

ಎಲ್ಲರನ್ನೂ ಇಳಿಸಿದರು. ಟೈ ಕಟ್ಟಿದ್ದ ಪ್ರಯಾಣಿಕರೊಬ್ಬರು ನನ್ನೆದುರೇ ನಿಂತು ಕೂಗಾಡಿದರು: "ನಿಮ್ಮಂಥೋರಿಂದ ನನ್ನ ಇಡೀ ದಿನ ಹಾಳಾಯ್ತು!"

ಬೈಯಲಿ, ಅಂದುಕೊಂಡೆ. ನೆಲದ ಮೇಲೆ ನಿಂತು ಬೈಯುತ್ತಿದ್ದಾರಲ್ಲ.